ರೇಡಿಯಂ ಹಚ್ಚಿದ ಕುಂಚ

ಹೊಳೆನರಸೀಪುರ
೧೫ ಜನವರಿ ೨೦೨೫

ಪ್ರೀತಿಯ ನಾಗು,

ಅಣ್ಣನ ಅಕ್ಕರೆಯ ನೆನಪುಗಳು. ಭಾವ ರವೀಂದ್ರ, ಮಗಳು ನಿಸರ್ಗ ಚೆನ್ನಾಗಿದ್ದಾರೆ ಅಂದುಕೊಂಡಿದ್ದೇನೆ. ದೀಪಾವಳಿಯಿಂದೀಚೆಗೆ ಅರಕಲಗೂಡಿನ ಕಡೆ ತಲೆ ಹಾಕಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಫೋನ್ ಬಿಟ್ಟು ಕಾಗದ ಯಾಕೆ ಎನ್ನುತ್ತೀಯ. ಮೂರು ಸಲ ಫೋನ್ ಮಾಡಿದೆ. ನಿನ್ನ ದನಿ ಕೇಳಿದ ಕೂಡಲೇ ಮಾತು ಬದಲಿಸಿದೆ.

ಹೋದ ವಾರ ನಮ್ಮ ವಾಚ್ ರಿಪೇರಿ ಅಂಗಡಿಗೆ ಹಾಸನದ ಕಿರಣ್‌ಕುಮಾರ್ ಎಂಬವರು ಬಂದಿದ್ದರು. ಹಳೇ ವಾಚು ಕೂಡಿಡುವ ಹುಚ್ಚು ಅವರಿಗೆ. ಅಪ್ಪನ ರಿಪೇರಿ ಡಬ್ಬಿಯಲ್ಲಿದ್ದ ಅಮೆರಿಕದ ಕೈಗಡಿಯಾರ ಕಂಡು, "ಈ ಕಂಪನಿ ಕತೆ ಗೊತ್ತೇನ್ರೀ?" ಎಂದರು. ಮೊದಲು ಜೇಬಿನ ಗಡಿಯಾರ ಮಾಡುತ್ತಿದ್ದವರಂತೆ. ಮೊದಲ ಮಹಾಯುದ್ಧ ಬಂತು. ಸೈನಿಕರಿಗೆ ಕತ್ತಲಲ್ಲೂ ಗಂಟೆ ಕಾಣಬೇಕಿತ್ತು. ಗಡಿಯಾರ ಜೇಬಿನಿಂದ ಕೈಗೆ ಬಂತು, ಅಂಕಿಗಳ ಮೇಲೆ ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣ ಬಂತು. ಆ ಕಾಲದಲ್ಲಿ ಇಂಥ ಡಯಲ್‌ಗಳಿಗೆ ಬಣ್ಣ ಹಚ್ಚುವ ಕಾರ್ಖಾನೆಗಳೇ ಇದ್ದವು. ಅಲ್ಲಿನ ಹೆಣ್ಣುಮಕ್ಕಳು ಕುಂಚ ಚೂಪಾಗಲೆಂದು ತುಟಿಗಿಟ್ಟುಕೊಳ್ಳುತ್ತಿದ್ದರಂತೆ. ಆಮೇಲೆ ಅವರ ಹಲ್ಲು ಉದುರಿದವು. ಕಿತ್ತ ಜಾಗ ಮಾಯಲಿಲ್ಲ. ದವಡೆ ಕೊಳೆಯಿತು.

ಕೇಳುತ್ತಿದ್ದಂತೆ ನೀನು ನೆನಪಾದೆ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ಆ ಎರಡು ವರ್ಷ ನೀನು ಮಾಡಿದ್ದೂ ಅದನ್ನೇ ಅಲ್ಲವೇ? ಕೆಟ್ಟ ವಾಚುಗಳ ಡಯಲ್ ಕೆರೆದು, ಆ ಪುಡಿಯನ್ನು ವಾರ್ನಿಶ್‌ನಲ್ಲಿ ಕಲಸಿ, ಬೇರೆ ವಾಚುಗಳ ಮುಳ್ಳಿಗೆ ಹಚ್ಚುತ್ತಿದ್ದೆ. ಕುಂಚ ನಿನ್ನ ತುಟಿಯಲ್ಲೇ ಇರುತ್ತಿತ್ತು. ಈಗ ದವಡೆ ಹಲ್ಲು ಕೀಳಿಸಿ ಮೂರು ತಿಂಗಳಾದರೂ ಗಾಯ ಮಾಯ್ದಿಲ್ಲ ಎನ್ನುತ್ತಿದ್ದೀಯ.

ಮಾರನೇ ದಿನವೇ ಡಬ್ಬಿ ತೆಗೆದುಕೊಂಡು ಹಾಸನಕ್ಕೆ ಹೋದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಕೃಷ್ಣಪ್ಪ ಮೇಷ್ಟ್ರು ವಿಕಿರಣ ಅಳೆಯುವ ಮೀಟರ್ ಹಿಡಿದರು. ಅದು ಪಟಪಟ ಸದ್ದು ಮಾಡಿತು. ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು.

"ಈ ಬಣ್ಣ ಒಳೆಯೋದು ನಿಂತೋಗೈತೆ ಅಷ್ಟೆ. ವಿಸ ಅಂಗೇ ಐತೆ ಕಣ್ರೀ. ಇದನ್ನ ಮನೇಲಿ ಮಡೀಕಬ್ಯಾಡಿ."

"ಸಾ, ನನ್ ತಂಗಿ ಇದನ್ನ ಬಾಯಿಗಿಟ್ಟವ್ಳೆ."

ಅವರು ಮೀಟರ್ ಆರಿಸಿದರು. "ಗಾಯಕ್ಕೆ ಇದೇ ಕಾರಣ ಅಂತ ನಾನು ಯೋಳಕ್ಕಾಗಲ್ಲ. ಡಾಕ್ಟ್ರತ್ರ ಎಲ್ಲಾ ಬಿಚ್ಚಿ ಯೋಳಿ. ತಡ ಮಾಡಬ್ಯಾಡಿ."

ಡಬ್ಬಿ ಅಲ್ಲೇ ಬಿಟ್ಟು ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ನಾಲಿಗೆ ನನ್ನ ಹಲ್ಲುಗಳನ್ನೇ ತಡವುತ್ತಿತ್ತು.

ಇಪ್ಪತ್ತನೇ ತಾರೀಕು ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ, ಹಾಸನದ ದೊಡ್ಡ ಆಸ್ಪತ್ರೆಗೆ ಹೋಗೋಣ. ಭಾವನಿಗೆ ಈ ಕಾಗದ ತೋರಿಸು. ದೇವರು ನಿನ್ನನ್ನು ಕಾಯಲಿ ತಾಯಿ, ಮಗಳ ಮದುವೆ ಕಂಡು ಬಹುಕಾಲ ಬಾಳು.

ನಿನ್ನ ಅಣ್ಣ
ರುದ್ರೇಶ

ತಾ.ಕ.: ಇದು ಬರೆಯಲು ಮರೆತದ್ದಲ್ಲ. ಬಣ್ಣ ಹಚ್ಚುವ ಕೆಲಸ ಅಪ್ಪ ಒಪ್ಪಿಸಿದ್ದು ನನಗೆ. "ಆ ಪುಡಿ ಒಳ್ಳೇದಲ್ಲ ಕಣ್ಲಾ, ಬಾಯಿಗೀಯಿಗೆ ಬಿದ್ದಾತು, ಉಸಾರು" ಎಂದಿದ್ದರು. ನನಗೆ ಹೆದರಿಕೆಯಾಯಿತು. ಅದಕ್ಕೇ "ನಿನ್ ಕೈ ನಾಜೂಕು ಕಣಮ್ಮಿ" ಎಂದು ಹೇಳಿ ಕುಂಚ ನಿನಗೆ ಕೊಟ್ಟೆ. ಅಪ್ಪ ಹೇಳಿದ ಮಾತನ್ನು ಮಾತ್ರ ಹೇಳಲಿಲ್ಲ. ಎರಡು ವರ್ಷ ನಿನ್ನ ಎದುರಿಗೇ ಕೂತು ನೋಡುತ್ತಿದ್ದೆ ನಾಗು.