ನಡುಗಡ್ಡೆಯ ಉಸುಕು

೧೬-೨-೮೦, ಶನಿವಾರ. ಕಾರವಾರ.

ನೀಲಾಳ ಕಿವಿಯೊಳಗಿನ ಉಸುಕು ಇನ್ನೂ ಹೋಗಿಲ್ಲ.

ನಮ್ಮ ಲಕ್ಷ್ಮೇಶ್ವರದಾಗಾದರ ಗ್ರಹಣದಾಗ ಕೂಸನ್ನ ತಿಪ್ಪಿಯೊಳಗ ಹುಗೀತಿದ್ವಿ, ಸಮುದ್ರದ ಉಸುಕು ಅದಕ್ಕಿಂತ ಚಲೋ ಅಂತ ಅತ್ತಿಯವರು ನಮ್ಮನ್ನೆಲ್ಲ ದೋಣಿ ಹತ್ತಿಸಿ ನಡುಗಡ್ಡೆಗೆ ಕರೆದೊಯ್ದರು. ಗ್ರಹಣ ಹಿಡಿದ ಕೂಡಲೇ ಪೋಲಿಯೋದಿಂದ ಕಾಲು ಸೋತ ನನ್ನ ಕೂಸು ನೀಲಾಳನ್ನು ಕುತ್ತಿಗೆಯತನಕ ಹುಗಿದರು. ಅವ್ವಾ ಅಂತ ಚೀರಿತು. ಮುಟ್ಟಿದರೆ ಗುಣ ಆಗಂಗಿಲ್ಲ ಅಂತ ಇವರು ನನ್ನ ರಟ್ಟೆ ಹಿಡಿದುಕೊಂಡರು. ಆಮೇಲೆ ಹಿಡಿಯಬೇಕಾಗಲಿಲ್ಲ, ನಾನೇ ನಿಂತುಬಿಟ್ಟೆ.

ನೀರು ಹಿಂದೆ ಸರಿಯತೊಡಗಿತು. "ನೋಡವಾ, ಸಮುದ್ರ ರೋಗ ಒಯ್ಯಾಕಹತ್ತೈತಿ" ಅಂದರು ಅತ್ತಿ. ಅದು ಇಳಿತ ಅಂತ ಕಾಲೇಜಿನಲ್ಲಿ ಓದಿದ್ದೆ. ಆದರೂ ಕೈ ಮುಗಿದೆ.

ಗ್ರಹಣ ಬಿಟ್ಟ ಮೇಲೆ ಎತ್ತಿ ನಿಲ್ಲಿಸಿದರು. ಬಿದ್ದಳು. "ಓದಿದ ತಾಯಿಗೆ ನಂಬಿಕಿ ಇದ್ದಿದ್ದಿಲ್ಲ, ಅದಕ್ಕ" ಅಂದರು ಅತ್ತಿ.

ಮಲಗುವಾಗ ನೀಲಾ ಅಂದಳು: "ನಾಳಿ ನಿಂದರತೀನಿ, ಮತ್ತ ಹುಗೀಬ್ಯಾಡಬೇ."

ಇಲ್ಲವ್ವಾ, ಹುಗಿಯಂಗಿಲ್ಲ ಅನ್ನಬೇಕಿತ್ತು. ನಿಂದರು, ನೋಡೋಣು ಅಂದೆ.