ಡಾಕ್ಟರ ಊಟ ವಿಚಾರಿಸಿದ್ದು

ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರಗಳು.

ಪಾಪುವಿನ ಕೆಮ್ಮು ನಿಂತಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಮುಂದಿನದನ್ನು ಓದಿಸಿಕೊಳ್ಳುವುದೇ ಇಲ್ಲ.

ಕೆಳಮನೆಯಾಕೆ ಕೈಸನ್ನೆ ಮಾಡಿ, ಹೊಸದಾಗಿ ಬಂದವರಿಗೆಂದೇ ಇರುವ ಸಹಾಯ ಕೇಂದ್ರಕ್ಕೆ ನಮ್ಮನ್ನು ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ಮೇಜಿನ ಮೇಲೆ ಫೋನ್ ಇಟ್ಟು ಗುಂಡಿ ಒತ್ತಿದರು. ಒಳಗಿಂದ ಒಬ್ಬ ಹೆಂಗಸಿನ ದನಿ, ಅದೂ ನಮ್ಮ ಮಾತಿನಲ್ಲಿ! ಅವರ ಮಾತನ್ನು ನಮಗೆ, ನಮ್ಮದನ್ನು ಅವರಿಗೆ ದಾಟಿಸುವ ದುಭಾಷಿಯಂತೆ ಆಕೆ. ನನಗೆ ಕೆಮ್ಮುಗಿಮ್ಮೆಲ್ಲ ಮರೆತೇಹೋಯಿತು. "ಅಕ್ಕಾ, ಊಟ ಆಯ್ತಾ?" ಎಂದುಬಿಟ್ಟೆ. ಆಕೆ ಸ್ವಂತ ಮಾತಾಡುವ ಹಾಗಿಲ್ಲವಂತೆ, ಕಿವಿಗೆ ಬಿದ್ದದ್ದನ್ನೆಲ್ಲ ದಾಟಿಸಲೇಬೇಕಂತೆ; ಇದನ್ನೂ ಡಾಕ್ಟರಿಗೆ ದಾಟಿಸಿಬಿಟ್ಟಳು. ಡಾಕ್ಟರು ತಬ್ಬಿಬ್ಬಾಗಿ ನನ್ನ ಮುಖ ನೋಡಿ ಏನೋ ಹೇಳಿದರು.

"ಡಾಕ್ಟರದ್ದು ಆಯ್ತಂತೆ. ಮಗೂಗೆ ಏನಾಗಿದೆ ಅಂತ ಕೇಳ್ತಿದ್ದಾರೆ."

ನಾಚಿಕೆಯಿಂದ ನೀರಾದೆ.

ನಿನ್ನೆ ಮತ್ತೆ ಹೋಗಿದ್ದೆ. ನಾನು ಕೂರುವ ಮೊದಲೇ ಡಾಕ್ಟರು ಏನೋ ಅಂದರು. ಫೋನಿನ ಅಕ್ಕ ನಗು ತಡೆದುಕೊಂಡು, "ನಿಮ್ಮದು ಊಟ ಆಯ್ತಾ ಅಂತ ಕೇಳ್ತಿದ್ದಾರೆ" ಎಂದಳು. ಗಡಿ ದಾಟಿದ ಮೇಲೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ ಅತ್ತೆ.

ಭಾಷೆ ಬಾರದ ಊರಲ್ಲಿ ಮೂಕಿಯ ಹಾಗೆ ಕೂರಲಾರೆ ಎಂದು ನೀವು ಹಟ ಹಿಡಿದು ನಿರಾಶ್ರಿತರ ಶಿಬಿರದಲ್ಲೇ ಉಳಿದಿರಿ. ಇಲ್ಲಿ ನಿಮ್ಮ ಮಂಡಿನೋವನ್ನು ನಮ್ಮ ಮಾತಿನಲ್ಲೇ ಬಾಯ್ತುಂಬ ಹೇಳಿಕೊಳ್ಳಬಹುದು. ಈ ಸಲ ಇಲ್ಲಿಗೆ ಬರಲು ಪರವಾನಗಿ ಸಿಕ್ಕರೆ ಬೇಡವೆನ್ನದೆ ಹೊರಡಿ. ಡಾಕ್ಟರನ್ನು ಬೈಯುವಾಗ ಮಾತ್ರ ನಾಲಿಗೆ ಸ್ವಲ್ಪ ಬಿಗಿ ಹಿಡಿಯಿರಿ. ಆ ಅಕ್ಕ ಅದನ್ನೂ ದಾಟಿಸುತ್ತಾಳೆ.

ನಿಮ್ಮ ದಾರಿ ಕಾಯುತ್ತಿರುವ,
ಸೊಸೆ