ಪಾಲಿಶ್ ಮಾಡಿದ ಬಿಸಿಲು

ರಾವೂರ
೨೦-೪-೨೦೨೬, ಸೋಮವಾರ

ನನ್ನ ಹುಲಿಯಂಥ ಸೊಸೆ ಲುಂಬಿನಿಗೆ ಭಗವಂತ ಮಾಮನ ಜೈಭೀಮ್.

ಮೈಗೆ ಹುಷಾರಿದ್ದೀಯಾ? ಜೈಲಿನ ರೊಟ್ಟಿ ಹಲ್ಲಿಗೆ ಬರುತ್ತದೆಯೋ, ನಮ್ಮ ಫರ್ಸಿ ಕಲ್ಲಿನಷ್ಟೇ ಗಟ್ಟಿಯೋ? ಈ ಧಗೆಗೆ ಅಲ್ಲಿ ಫ್ಯಾನಾದರೂ ತಿರುಗುತ್ತದೆಯೇ? ನಿನಗಿಂತ ಮೊದಲು ಈ ಪತ್ರ ಒಡೆದು ಓದುವ ಸಾಹೇಬರಿಗೂ ನನ್ನ ನಮಸ್ಕಾರ ಹೇಳು. ಏಳನೆಯ ಇಯತ್ತೆ ಓದಿದವನ ಅಕ್ಷರ ಎಷ್ಟು ದುಂಡಗಿದೆ, ನೋಡಲಿ.

ನೀನು ಭೀಮಾ ದಂಡೆಯಲ್ಲಿ ಅಣುಸ್ಥಾವರದ ಸರ್ವೆ ಜೀಪಿಗೆ ಅಡ್ಡ ಮಲಗಿ ಒಳಗೆ ಹೋದ ಮೇಲೆ ಚಳವಳಿ ತಣ್ಣಗಾಯಿತೆಂದು ಯಾರಾದರೂ ಹೇಳಿದರೆ ನಂಬಬೇಡ. ಚಿತ್ತಾಪುರದ ಸಭೆಯಲ್ಲಿ ನಾನು ಮಾತಾಡಿದೆ. ಮೈಕ್ ಕೈಕೊಟ್ಟಿತು, ನನಗೆ ಮೈಕ್ ಯಾತಕ್ಕೆ ಬೇಕು? "ನಮ್ಮ ಕಡಿ ಬಿಸಲು ಯಾರಪ್ಪನ ಮನೀದಲ್ರೀ. ಮನಿ ಮಾಳಗಿಗೊಂದು ಸೋಲಾರ್ ಪ್ಲೇಟು ಕೊಡ್ರಿ, ಆಮ್ಯಾಲ ನಿಮ್ಮ ಅಣು ಗಿಣು ನೋಡೂಣು" ಅಂದೆ. ಸೇಡಂ, ಚಿಂಚೋಳಿಯಿಂದ ಬಂದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಒಬ್ಬ ಮುದುಕ ಮಾತ್ರ ನಡುವೆಯೇ ಎದ್ದು ಹೋದ. ಅವನಿಗೆ ಕಿವಿ ಕೇಳುವುದಿಲ್ಲವಂತೆ.

ಸೋಲಾರಿನಿಂದ ಮನೆ ನಡೆಯುವುದನ್ನು ತೋರಿಸಿ ಎಂದರು ಅಧಿಕಾರಿಗಳು. ತೋರಿಸಲು ನಿಮ್ಮ ಮನೆಗಿಂತ ಬೇರೆ ಯಾವುದು? ಕರೆಂಟು ಹೋದಾಗ ನಿನ್ನ ಅವ್ವನ ಆಕ್ಸಿಜನ್ ಮಷೀನು ನಿಲ್ಲಬಾರದೆಂದು ನೀನೇ ನಿಂತು ಹಾಕಿಸಿದ ಪ್ಲೇಟುಗಳಲ್ಲವೇ? ಗುರುವಾರ ಬರುತ್ತೇವೆಂದರು. ನಾನು ಜನ ಕೂಡಿಸಲು ವಾಡಿ, ಸೇಡಂ ಎಂದು ತಿರುಗುತ್ತಿದ್ದೆ. ಇತ್ತ ಬಂದೇಅಲಿ ಬಂದಿದ್ದಾನೆ. ನಿನಗೆ ಗೊತ್ತೇ ಇದೆ, ಶಹಾಬಾದಿನಲ್ಲಿ ಫರ್ಸಿ ಪಾಲಿಶ್ ಮಾಡುವಾಗ ನಿನ್ನ ಅವ್ವ, ನನ್ನ ಅಕ್ಕ ಅನಸುಬಾಯಿಯ ಪಕ್ಕದಲ್ಲೇ ನಿಂತು, ಅವಳ ಎದೆ ಕೆಡಿಸಿದ ಅದೇ ಕಲ್ಲುಪುಡಿ ನುಂಗಿದವನು. ಪ್ಲೇಟಿನ ಮೇಲೆ ಕೂತ ಸಿಮೆಂಟ್ ಫ್ಯಾಕ್ಟರಿಯ ಧೂಳು ಯುಗಾದಿ ಆದಮೇಲೆ ಬಿದ್ದ ನಾಲ್ಕು ಹನಿ ಮಳೆ ಕುಡಿದು ಚಕ್ಕೆಯಾಗಿ ಕಚ್ಚಿಕೊಂಡಿತ್ತು. ಬಟ್ಟೆಗೆ ಬರಲಿಲ್ಲ. "ಸಾಹೇಬ್ರು ಬರ್ಲಿಕತ್ತಾರ, ಅಕ್ಕನ ಮನಿ ಪ್ಲೇಟು ಕನ್ನಡಿಯಂಗ ಹೊಳೀಬೇಕು" ಅಂತ ಪಾಲಿಶ್ ಕಲ್ಲು ತಂದು, ನೀರು ಹಾಕಿ, ದಿನವೆಲ್ಲ ತಿಕ್ಕಿದ್ದಾನೆ. ಫರ್ಸಿ ತಿಕ್ಕಿದಷ್ಟೂ ಹೊಳೆಯುತ್ತದೆ, ಮಗಳೇ. ಪ್ಲೇಟಿನ ಗಾಜು ಗೀರುಬಿದ್ದು ಪೊರೆ ಬಂದ ಕಣ್ಣಿನಂತಾಯಿತು. ಒಳಗೆ ಬ್ಯಾಟರಿ ತುಂಬುತ್ತಿಲ್ಲವೆಂಬುದು ಯಾರಿಗೂ ಹೊಳೆಯಲಿಲ್ಲ.

ಗುರುವಾರ ಮಧ್ಯಾಹ್ನ ಅವರು ಬಾಗಿಲಲ್ಲಿ ಬೂಟು ಬಿಡುವಾಗಲೇ ಕರೆಂಟು ಹೋಯಿತು. ನಾನು ಎದೆ ಉಬ್ಬಿಸಿ "ಈಗ ನೋಡ್ರಿ ಮಜಾ" ಅಂದೆ. ಮಷೀನು ಸ್ವಲ್ಪ ಹೊತ್ತು ನಡೆಯಿತು, ಕೂಗಿಕೊಂಡಿತು, ನಿಂತಿತು. ಒಬ್ಬ ಅಧಿಕಾರಿ ಮೆಲ್ಲಗೆ, "ಇದಕ್ಕೇ ನೋಡಿ ಅಣುಸ್ಥಾವರ ಬೇಕು ಅನ್ನೋದು" ಅಂದ. ನಾನು ಬಿಡುತ್ತೇನೆಯೇ? "ಸಾಹೇಬ್ರ, ಮದಲ ಹೋಗಿದ್ದು ನಿಮ್ಮ ಕರೆಂಟು" ಅಂದೆ. ಜನ ನಕ್ಕರು. ಆದರೆ ಒಳ್ಳೆಯ ಉತ್ತರದಿಂದ ಉಸಿರು ಬರುವುದಿಲ್ಲ. ತಿರುಗಿ ನೋಡಿದರೆ ಅಕ್ಕನ ತುಟಿ ನೇರಳೆ ಹಣ್ಣು ತಿಂದಂತಾಗಿತ್ತು. ಅವರ ಜೀಪಿನಲ್ಲೇ ದವಾಖಾನೆಗೆ ಒಯ್ದೆವು.

ಈಗ ಮನೆಗೆ ಬಂದಿದ್ದಾಳೆ, ಸಿಲಿಂಡರ್ ಇಟ್ಟಿದ್ದೇವೆ. ನನ್ನನ್ನು ಬೈಯುತ್ತಾಳೆ, ಅಂದ ಮೇಲೆ ಚಿಂತೆಯಿಲ್ಲ. ಬಂದೇಅಲಿ ಹೊರಗೆ ಕಟ್ಟೆಯ ಮೇಲೆ ಕುಳಿತಿರುತ್ತಾನೆ, ಒಳಗೆ ಬಾ ಎಂದರೆ ಬರುವುದಿಲ್ಲ. ಅಕ್ಕ ಅಲ್ಲಿಗೇ ಚಹಾ ಕಳಿಸುತ್ತಾಳೆ. ಸೋಲಾರ್ ಮಾತೆತ್ತಿದರೆ ಕೆಲವರು ಈಗ ನನ್ನ ಮುಖ ನೋಡುವುದಿಲ್ಲ. ಇನ್ನು ಚಳವಳಿಗೆ ಹೋಗುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟರೆ ನಿನ್ನನ್ನು ಬಿಡುತ್ತಾರೆಂದು ವಕೀಲರು ಹೇಳಿದರು. ಅದಕ್ಕೆ ನಿನ್ನ ಅವ್ವ, "ಹಂಗ ಬರಕೊಟ್ಟು ಬಂದ್ರ ಆಕಿ ಮಾರಿ ನೋಡಂಗಿಲ್ಲಂತ ಬರಿಯೋ ಭಗವಂತಾ" ಅಂದಳು. ಬರೆದಿದ್ದೇನೆ.

ಬಾಬಾಸಾಹೇಬರ ನೆರಳು ನಿನ್ನ ಮೇಲಿರಲಿ. ಓಣಿಯವರೆಲ್ಲ ನಿನ್ನನ್ನು ಕೇಳಿದ್ದಾರೆ.

ನಿನ್ನ ಮಾಮ,
ಭಗವಂತ
(ಚಿತ್ತಾಪುರ ಸಭೆಯ ಮುಖ್ಯ ಭಾಷಣಕಾರ)

ತಾ.ಕ.: ಮೇಲಿನದ್ದನ್ನೆಲ್ಲ ನಿನ್ನ ಅವ್ವನಿಗೆ ಓದಿ ಹೇಳಿದ್ದೇನೆ. ಇದನ್ನು ಪೋಸ್ಟಾಫೀಸಿನ ಕಟ್ಟೆಯ ಮೇಲೆ ಬರೆಯುತ್ತಿದ್ದೇನೆ, ಟಪಾಲಿನವನು ಅವಸರ ಮಾಡುತ್ತಿದ್ದಾನೆ. ಮುಚ್ಚಳಿಕೆ ಬರೆದುಕೊಟ್ಟು ಬಾ. ಡಾಕ್ಟರು ಮಗಳನ್ನು ಕರೆಸಿ ಅಂದರು, ಬೇಗ ಅಂದರು. ಕೋರ್ಟು ತಾನಾಗಿಯೇ ಬಿಟ್ಟಿತೆಂದು ಅವಳಿಗೆ ನಾನು ಹೇಳುತ್ತೇನೆ. ಸುಳ್ಳಿನಲ್ಲಿ ನನ್ನನ್ನು ಮೀರಿಸುವವರು ಈ ತಾಲೂಕಿನಲ್ಲಿಲ್ಲ. ಜೀಪಿಗೆ ಅಡ್ಡ ಮಲಗಲು ನಾನಿದ್ದೇನೆ, ನಿನಗಿಂತ ಅಗಲವಾಗಿದ್ದೇನೆ. ಅವಳ ಉಸಿರು ಕೇಳುತ್ತ ಪಕ್ಕದಲ್ಲಿ ಒಬ್ಬನೇ ಕೂರುವುದು ಮಾತ್ರ ನನ್ನಿಂದ ಆಗುತ್ತಿಲ್ಲ.